ಗಣಿ ಮುಚ್ಚಿದ ಊರಿನ ಪದವಿ ವಿದ್ಯಾರ್ಥಿ: ದಿನಚರಿ, ‘ಲೈನು’ ಮತ್ತು ನಾಳಿನ ಅನಿಶ್ಚಿತತೆ

ಆಧುನಿಕ ಕನ್ನಡ ಸಾಹಿತ್ಯಕ್ಕೆ ಕಾಲೇಜು ವಿದ್ಯಾರ್ಥಿ ಹೊಸ ಪಾತ್ರವೇನಲ್ಲ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961) ಮೊದಲಾದ ನವ್ಯ ಕಾದಂಬರಿಗಳಲ್ಲಿ ಓದಿದ ತರುಣನ ದ್ವಂದ್ವ, ಸಂಬಂಧಗಳ ಬಿಕ್ಕಟ್ಟು, ತನ್ನನ್ನು ತಾನೇ ಕಂಡುಕೊಳ್ಳುವ ತೊಡಕು ಕೇಂದ್ರಕ್ಕೆ ಬಂದವು. ದಲಿತ ಆತ್ಮಕಥನಗಳು ಈ ಚಿತ್ರವನ್ನು ಬೇರೆಯದೇ ನೆಲೆಗೆ ಒಯ್ದವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ ಮುಂತಾದ ಕೃತಿಗಳಲ್ಲಿ ಓದು ಎಂಬುದು ಹಸಿವು, ಅವಮಾನ ಮತ್ತು ಆತ್ಮಗೌರವಗಳ ಪ್ರಶ್ನೆಯಾಗಿ ಕಾಣಿಸಿಕೊಂಡಿತು. ಇವೆರಡೂ ಪರಂಪರೆಗಳು ಪರಸ್ಪರ ಎಷ್ಟೇ ದೂರವಿದ್ದರೂ ಒಂದು ಗ್ರಹಿಕೆಯಲ್ಲಿ ಸಮಾನವಾಗಿವೆ. ಓದು ವ್ಯಕ್ತಿಯನ್ನು ಇದ್ದ ನೆಲೆಯಿಂದ ಇನ್ನೊಂದೆಡೆಗೆ ಕೊಂಡೊಯ್ಯುತ್ತದೆ ಎಂಬುದೇ ಆ ಗ್ರಹಿಕೆ. ಆ ಇನ್ನೊಂದೆಡೆ ಹಿತಕರವಾಗಿರಬಹುದು, ಪರಕೀಯವಾಗಿರಬಹುದು. ಆದರೆ ಅದು ಇದೆ ಎಂಬುದರಲ್ಲಿ ಸಂಶಯವಿಲ್ಲ.

ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯ ಪದವಿ ತರಗತಿಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳ ವಿಷಯದಲ್ಲಿ ಈ ಗ್ರಹಿಕೆಯೇ ಸಡಿಲಗೊಂಡಿದೆ. ಓದು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದು ಅವರಿಗೆ ತಿಳಿಯದು. ಓದದೆ ಉಳಿದರೆ ಹಿಂದಿರುಗಬಹುದಾಗಿದ್ದ ಗಣಿಯೂ ಈಗಿಲ್ಲ. ಈ ಸ್ಥಿತಿಯನ್ನು ಅವರ ದಿನಚರಿ ಮತ್ತು ಅವರಾಡುವ ಮಾತಿನ ಮೂಲಕ ಅರ್ಥಮಾಡಿಕೊಳ್ಳುವುದು, ಕನ್ನಡ ತರಗತಿಗೂ ಅದಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿನ ಮಾತುಗಳಿಗೆ ಆಧಾರ ಈ ಭಾಗದ ತರಗತಿಗಳಲ್ಲಿ ಕನ್ನಡ ಕಲಿಸುತ್ತ ಕೇಳಿಸಿಕೊಂಡದ್ದು, ವಿದ್ಯಾರ್ಥಿಗಳ ಬರಹಗಳಲ್ಲಿ ಓದಿದ್ದು. ಇದನ್ನು ಸಮೀಕ್ಷೆಯೆಂದು ಭಾವಿಸಬಾರದು.

ಗಣಿಯ ಕಾಲದ ದಿನ

ಮಾರಿಕುಪ್ಪಂ ಭಾಗಕ್ಕೆ ಸ್ಥಳೀಯರು ‘ಮೈಸೂರು ಮೈನ್ಸ್’ ಎನ್ನುತ್ತಾರೆ. ಹೊರಗಿನಿಂದ ಬಂದ ಅಧ್ಯಾಪಕರು ಇದನ್ನು ಮೊದಲ ಸಲ ಕೇಳಿದಾಗ ಮೈಸೂರು ನಗರವನ್ನು ನೆನೆಯುವುದು ಸಹಜ. ಆದರೆ ಈ ಹೆಸರು 1880ರಲ್ಲಿ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯದು. ಬಂಡವಾಳ ಬಹುಪಾಲು ಕರಗಿ ಕಂಪನಿ ಮುಚ್ಚುವ ಹಂತಕ್ಕೆ ಬಂದಿದ್ದಾಗ ಚಾಂಪಿಯನ್ ಪದರ ಸಿಕ್ಕಿತು. ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಬೆಳೆದವು. 1894ರಲ್ಲಿ ಬಂಗಾರಪೇಟೆಯಿಂದ (ಅಂದಿನ ಬೌರಿಂಗ್‌ಪೇಟೆಯಿಂದ) ಗಣಿಗಳಿಗೆ ಸುಮಾರು 16 ಕಿ.ಮೀ. ಉದ್ದದ ರೈಲುದಾರಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ. ಇಂದು ಬೆಂಗಳೂರಿನ ಬೆಳಕನ್ನೇ ನೆಚ್ಚಿ ನಸುಕಿನಲ್ಲಿ ರೈಲು ಹತ್ತುವ ಊರಿನ ಮಟ್ಟಿಗೆ ಇದು ಮರೆಯಲಾಗದ ಸಂಗತಿ.

ಗಣಿಗೆ ಬೇಕಾದ ಕೆಲಸಗಾರರು ಬಹುಮಟ್ಟಿಗೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಭಾಗಗಳಿಂದ ಬಂದರು. ಅವರಲ್ಲಿ ಹೆಚ್ಚಿನವರು ದಲಿತರು. ಜಾತಿಯ ಊರಿನಿಂದ ತಪ್ಪಿಸಿಕೊಂಡು ಕೂಲಿಯ ಊರಿಗೆ ಬಂದ ಈ ಜನ ಸಂಘಟನೆ, ಮುಷ್ಕರ, ಬೌದ್ಧ ಚಿಂತನೆ, ಕ್ರೈಸ್ತ ಮಿಷನ್ನುಗಳ ಶಾಲೆ ಎಲ್ಲದರ ಮೂಲಕವೂ ತಮ್ಮದೇ ಲೋಕವೊಂದನ್ನು ಕಟ್ಟಿಕೊಂಡರು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಕುರಿತು 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಧ್ಯಯನ ಈ ಲೋಕಕ್ಕೆ ಇಂದಿಗೂ ಒಳ್ಳೆಯ ಪ್ರವೇಶ. ಕನ್ನಡ ವಿಭಾಗಗಳಲ್ಲಿ ಅದು ಓದಬೇಕಾದಷ್ಟು ಓದಿಗೆ ಬಂದಿಲ್ಲ ಎಂಬುದು ನನ್ನ ಅನಿಸಿಕೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಗಣಿಯ ಕಾಲಪ್ರಜ್ಞೆ. ದಿನವನ್ನು ಪಾಳಿಗಳಾಗಿ ಒಡೆದದ್ದು ಸೈರನ್ನು. ತಮಿಳಿನಲ್ಲಿ ಅದಕ್ಕೆ ‘ಸಂಗು’ ಎನ್ನುತ್ತಾರೆ, ಶಂಖದ ತದ್ಭವ. ತಂದೆ ಯಾವ ಪಾಳಿಯಲ್ಲಿದ್ದಾನೆ ಎಂಬುದರ ಮೇಲೆ ಮನೆಯ ಅಡುಗೆ, ಮಕ್ಕಳ ನಿದ್ದೆ, ಬೀದಿಯ ಸದ್ದು ಎಲ್ಲವೂ ನಿಂತಿದ್ದವು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಬಂಡೆ ಸಿಡಿಯುವ ಭಯ, ಶ್ವಾಸಕೋಶಕ್ಕೆ ಇಳಿಯುವ ಸಿಲಿಕಾ ದೂಳು, ಇವೆರಡೂ ನಿತ್ಯದ ಮಾತಾಗಿದ್ದವು. ಬದುಕು ಅಪಾಯಕರವಾಗಿತ್ತು, ಆದರೆ ಅಸ್ಪಷ್ಟವಾಗಿರಲಿಲ್ಲ. ತಂದೆಯ ಹಿಂದೆ ಮಗ ಗಣಿಗಿಳಿಯುವುದು ಮೂರು ನಾಲ್ಕು ತಲೆಮಾರುಗಳ ಕಾಲ ನಡೆದುಬಂದಿತು. ಓದು ಬೇಕಾದವರು ಓದಿದರು. ಓದು ಒಲಿಯದವರಿಗೆ ನೆಲದಡಿಯಲ್ಲಿ ಕೆಲಸವಿತ್ತು. ಈ ಮಾತನ್ನು ಗಣಿಯ ಕಾಲದ ಹೊಗಳಿಕೆಯಾಗಿ ತೆಗೆದುಕೊಳ್ಳಬಾರದು. ತಟ್ಟಿಯ ಗುಡಿಸಲುಗಳ ಸಾಲಿನಲ್ಲಿ ಒಂದೇ ಕೋಣೆಯ ಸಂಸಾರ ನಡೆಸಿದವರಿಗೆ ಆ ನಿಶ್ಚಿತತೆಯ ಬೆಲೆ ಚೆನ್ನಾಗಿ ಗೊತ್ತಿತ್ತು.

1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ವಶವಾದವು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಅದುರು ಬಡವಾಗುತ್ತ, ಆಳ ಹೆಚ್ಚುತ್ತ, ವೆಚ್ಚ ಏರುತ್ತ ಬಂದು 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಈಗ ಪದವಿ ತರಗತಿಯಲ್ಲಿರುವ ಯಾವ ವಿದ್ಯಾರ್ಥಿಯೂ ದುಡಿಯುತ್ತಿದ್ದ ಗಣಿಯನ್ನು ಕಂಡವನಲ್ಲ. ಅವನಿಗೆ ಗೊತ್ತಿರುವುದು ಅಜ್ಜನ ಕೆಮ್ಮು, ಅಪ್ಪನ ನೆನಪುಗಳು, ಮನೆಯ ಹಿಂದಿನ ಸೈನೈಡ್ ಗುಡ್ಡ ಮತ್ತು ಒಂದು ಚಲನಚಿತ್ರ. 2018ರ ಆ ಚಿತ್ರದ ಹೆಸರು ಕೇಳಿ ಬೇರೆ ಊರಿನವರು ‘ನೀನು ಕೆಜಿಎಫ್‌ನವನಾ?’ ಎಂದು ಕಣ್ಣರಳಿಸುವುದು ಅವನಿಗೆ ಒಂದು ಬಗೆಯ ಹೆಮ್ಮೆ, ಒಂದು ಬಗೆಯ ಕಿರಿಕಿರಿ.

ಇಂದಿನ ದಿನ

ಗಣಿ ಮುಚ್ಚಿದ ಮೇಲೆ ಸಂಗಿನ ಸ್ಥಾನವನ್ನು ರೈಲು ಆಕ್ರಮಿಸಿಕೊಂಡಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ. ಗಣಿಗಳಿಗೆ ಕಲ್ಲಿದ್ದಲು ಮತ್ತು ಯಂತ್ರ ತರಲು ಹಾಕಿದ ಹಳಿಗಳ ಮೇಲೆ ಈಗ ಜನ ಹೊರಗೆ ಹೋಗುತ್ತಾರೆ. ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ತಂದೆ, ತಾಯಿ ಅಥವಾ ಅಣ್ಣ ಇಲ್ಲದ ಮನೆ ಈ ಭಾಗದಲ್ಲಿ ಅಪರೂಪ. ಹೋಗಿಬರುವುದಕ್ಕೇ ದಿನಕ್ಕೆ ನಾಲ್ಕೈದು ಗಂಟೆ ಬೇಕು. ವಿದ್ಯಾರ್ಥಿಯ ಬೆಳಗು ಆ ರೈಲಿನಿಂದಲೇ ಆರಂಭವಾಗುತ್ತದೆ, ಅವನು ಅದನ್ನು ಹತ್ತದಿದ್ದರೂ. ಅಮ್ಮನ ಡಬ್ಬಿ ಕಟ್ಟಬೇಕು, ನಲ್ಲಿಯಲ್ಲಿ ನೀರು ಬರುವ ದಿನವಾದರೆ ಹಿಡಿದಿಡಬೇಕು, ತಂಗಿಯನ್ನು ಎಬ್ಬಿಸಬೇಕು, ಆಮೇಲೆ ಕಾಲೇಜು.

‘ನನ್ನ ನಿನ್ನೆಯ ದಿನ’ ಎಂಬ ಶೀರ್ಷಿಕೆಯಲ್ಲಿ ಒಂದು ಪುಟ ಬರೆಯಲು ತರಗತಿಯಲ್ಲಿ ಹೇಳಿದಾಗ ಗಮನಕ್ಕೆ ಬಂದ ಅಂಶವೊಂದಿದೆ. ಬಹಳಷ್ಟು ಬರಹಗಳಲ್ಲಿ ಗಡಿಯಾರದ ಸಮಯವೇ ಇರಲಿಲ್ಲ. ‘ಮೊದಲ ಟ್ರೈನ್ ಹೋದ ಮೇಲೆ’, ‘ಅಪ್ಪನ ಟ್ರೈನ್ ಬರುವ ಹೊತ್ತಿಗೆ’, ‘ಟ್ರೈನ್ ಲೇಟಾದ್ದರಿಂದ’ ಎಂಬ ಪದಪುಂಜಗಳು ಪುಟದುದ್ದಕ್ಕೂ ಇದ್ದವು. ಅದೇ ತರಗತಿಯ ಬೂದಿಕೋಟೆ, ಕಾಮಸಮುದ್ರ ಕಡೆಯ ಹಳ್ಳಿಗಳ ವಿದ್ಯಾರ್ಥಿಗಳ ದಿನ ಬೇರೆ: ಹಾಲು ಕರೆದು ಡೇರಿಗೆ ಹಾಕುವುದು, ಟೊಮೆಟೊ ಬಿಡಿಸುವ ದಿನ ಗೈರುಹಾಜರಾಗುವುದು, ಕಾಡಂಚಿನ ಊರುಗಳಲ್ಲಿ ಆನೆ ಬಂದ ಸುದ್ದಿಯಿದ್ದರೆ ರಾತ್ರಿ ಹೊಲ ಕಾಯುವವರಿಗೆ ಜೊತೆಯಾಗುವುದು. ಒಂದೇ ಹಾಜರಿಪಟ್ಟಿಯಲ್ಲಿ ಎರಡು ಕಾಲಗಣನೆಗಳಿವೆ. ನಮ್ಮ ಪಠ್ಯಪುಸ್ತಕಗಳು ‘ಗ್ರಾಮೀಣ ವಿದ್ಯಾರ್ಥಿ’ಯನ್ನು ಬಲ್ಲವು, ‘ನಗರದ ವಿದ್ಯಾರ್ಥಿ’ಯನ್ನೂ ಬಲ್ಲವು. ಕೈಗಾರಿಕೆ ಬಂದು, ಬೆಳೆದು, ಮುಗಿದುಹೋದ ಪಟ್ಟಣದ ವಿದ್ಯಾರ್ಥಿ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಹುಡುಗಿಯರ ದಿನಚರಿಯಲ್ಲಿ ಕಂಡ ಪಲ್ಲಟವನ್ನು ಪ್ರತ್ಯೇಕವಾಗಿ ಹೇಳಬೇಕು. ರೈಲ್ವೆಯು ಮನೆಯಿಂದ ಕಾಲೇಜಿಗೆ ಹೋಗಿಬರಲು ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಮಾತ್ರ ಉಚಿತ ಮಾಸಿಕ ಪಾಸು ಕೊಡುತ್ತದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿಯೂ ಮಹಿಳೆಯರಿಗೆ ಟಿಕೆಟ್ಟಿನ ಹಣ ಬೇಕಿಲ್ಲ. ‘ಬಸ್ಸಿಗೆ ಕಾಸಿಲ್ಲ, ಮನೆಯಲ್ಲೇ ಇರು’ ಎಂಬ ಮಾತಿನ ಬಲ ಇದರಿಂದ ಕುಂದಿದೆ. ಕೋಲಾರದ ಗ್ರಂಥಾಲಯಕ್ಕೆ, ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ತಾವೇ ಹೋಗಿಬಂದದ್ದನ್ನು ಅವರು ವಿವರವಾಗಿ ಬರೆಯುತ್ತಾರೆ. ಅನಿಶ್ಚಿತತೆ ಮಾತ್ರ ಅವರ ಪಾಲಿಗೆ ಇಮ್ಮಡಿ. ಕೊನೆಯ ಸೆಮಿಸ್ಟರು ಹತ್ತಿರವಾದಂತೆ ಕೆಲಸದ ಪ್ರಶ್ನೆಯ ಜೊತೆಗೆ ಮದುವೆಯ ಪ್ರಶ್ನೆಯೂ ಬರುತ್ತದೆ, ಅನೇಕ ವೇಳೆ ಮೊದಲೇ ಬರುತ್ತದೆ. ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವವರಲ್ಲಿ ಕೆಲವರಿಗೆ ಅದು ಓದಿನ ಆಸೆ. ಕೆಲವರಿಗೆ ಎರಡು ವರ್ಷದ ಅವಕಾಶ. ಎರಡೂ ನ್ಯಾಯವಾದವೇ.

ಸಂಜೆ ಬಂಗಾರಪೇಟೆ ನಿಲ್ದಾಣದ ಹೊರಗೆ ಪಾನಿಪುರಿ ಗಾಡಿಯ ಸುತ್ತ ನಿಂತ ವಿದ್ಯಾರ್ಥಿಗಳ ಮಾತನ್ನು ಕೇಳಿದರೆ ತರಗತಿಯಲ್ಲಿ ದೊರೆಯದ ಸಾಮಗ್ರಿ ದೊರೆಯುತ್ತದೆ. (ಈ ಊರಿನ ಪಾನಿಪುರಿಯ ನೀರು ಬೇರೆಡೆಯಂತೆ ಹಸಿರಲ್ಲ, ತಿಳಿನೀರು, ಖಾರ ಮಾತ್ರ ಕಣ್ಣಿಗೆ ಕಾಣದೆ ಬಂದು ತಾಗುತ್ತದೆ.) ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಅಲ್ಲಿ ಒಂದೇ ವಾಕ್ಯದೊಳಗೆ ಓಡಾಡುತ್ತವೆ.

‘ಲೈನು’ ಮತ್ತು ‘ನೋಡಬೇಕು’

ಈ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ‘ಲೈನು’. ಅದರ ಬಳಕೆಯನ್ನು ಹಿಂಬಾಲಿಸಿದರೆ ಈ ವಿದ್ಯಾರ್ಥಿಯ ಲೋಕದ ಒಂದು ನಕ್ಷೆಯೇ ಸಿಗುತ್ತದೆ. ಮೊದಲನೆಯದಾಗಿ ಲೈನು ಎಂದರೆ ಮನೆ. ಗಣಿ ಕಂಪನಿ ಕಾರ್ಮಿಕರಿಗಾಗಿ ಕಟ್ಟಿಸಿದ ಸಾಲುಮನೆಗಳು ಇಂದಿಗೂ ಲೈನುಗಳೇ. ‘ನಿಮ್ಮ ಮನೆ ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಬೀದಿಯ ಹೆಸರಲ್ಲ, ಲೈನಿನ ಹೆಸರು. ಎರಡನೆಯದು ರೈಲಿನ ಹಳಿ. ಮೂರನೆಯದು ಕಸುಬು ಅಥವಾ ಓದಿನ ದಾರಿ: ‘ಯಾವ ಲೈನು ಹಿಡೀತೀಯಾ?’, ‘ಪೊಲೀಸ್ ಲೈನಿಗೆ ಟ್ರೈ ಮಾಡ್ತಿದೀನಿ’. ಇದು ಕನ್ನಡನಾಡಿನ ಎಲ್ಲೆಡೆಯೂ ಇರುವ ಬಳಕೆ. ನಾಲ್ಕನೆಯದು ತೀರ ಈಚಿನದು. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ ಲೈನು ಎಂದರೆ ಬಿಡಿಭಾಗಗಳನ್ನು ಜೋಡಿಸುವ ಸಾಲು. ‘ಅಕ್ಕ ಲೈನಲ್ಲಿ ನಿಲ್ತಾಳೆ’ ಎಂದು ವಿದ್ಯಾರ್ಥಿಯೊಬ್ಬ ಬರೆದಾಗ ಅವಳು ಸರದಿಯಲ್ಲಿ ನಿಂತಿದ್ದಾಳೆಂದು ತಿಳಿದು ನಾನು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ತಪ್ಪು ನನ್ನದಾಗಿತ್ತು.

ಈ ನಾಲ್ಕು ಅರ್ಥಗಳಲ್ಲಿ ಯಾವುದೂ ಇಂದು ಗಟ್ಟಿಯಾಗಿ ನಿಂತಿಲ್ಲ. ಲೈನು ಮನೆಗಳಲ್ಲಿ ತಲೆಮಾರುಗಳಿಂದ ಇರುವವರಿಗೆ ಆ ಮನೆಯ ಹಕ್ಕಿನ ಪ್ರಶ್ನೆ ಗಣಿ ಮುಚ್ಚಿದಂದಿನಿಂದ ಬೆನ್ನುಹತ್ತಿದೆ. ರೈಲಿನ ಲೈನು ಊರನ್ನು ಬದುಕಿಸಿದೆ, ಆದರೆ ದಿನದ ಕಾಲುಭಾಗವನ್ನು ತಿನ್ನುತ್ತದೆ. ಓದಿನ ಲೈನು ಎಲ್ಲಿ ಮುಗಿಯುತ್ತದೆಂದು ಹೇಳಬಲ್ಲವರಿಲ್ಲ. ಕಾರ್ಖಾನೆಯ ಲೈನಿನ ಸಂಗತಿ 2020ರ ಡಿಸೆಂಬರಿನಲ್ಲಿ ಎಲ್ಲರಿಗೂ ತಿಳಿಯಿತು. ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ವೇತನದ ಅಸಮಾಧಾನ ದಾಂಧಲೆಯಾಗಿ ಸ್ಫೋಟಿಸಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯ ಮೇಲೆ ಬಂದ ತರುಣರು. 2023ರಲ್ಲಿ ಆ ಘಟಕ ಟಾಟಾ ಸಂಸ್ಥೆಯದಾಯಿತು. ಕೆಲಸಗಳು ಹೆಚ್ಚಿವೆ, ವಿಶೇಷವಾಗಿ ಹುಡುಗಿಯರಿಗೆ. ಪದವಿಯ ನಡುವೆಯೇ ಅಲ್ಲಿಗೆ ಹೊರಟುಹೋಗುವವರನ್ನು ‘ಡ್ರಾಪ್ ಔಟ್’ ಎಂದು ಪಟ್ಟಿಯಲ್ಲಿ ಬರೆಯುವುದು ನಮಗೆ ಸುಲಭ. ತಿಂಗಳ ಸಂಬಳವೊಂದು ಕೈಗೆ ಬರುವ ಅವಕಾಶ ಎದುರಿಗಿದ್ದಾಗ, ಐಚ್ಛಿಕ ವಿಷಯಗಳ ಒಂದು ಪದವಿಯು ಅದಕ್ಕಿಂತ ಹೆಚ್ಚಿನದೇನನ್ನು ಕೊಡುತ್ತದೆಂದು ಅವರಿಗೆ ಮನವರಿಕೆ ಮಾಡಿಕೊಡುವುದು ಅಷ್ಟು ಸುಲಭವಲ್ಲ.

ಇನ್ನೊಂದು ಪದ ‘ನೋಡಬೇಕು’. ‘ಮುಂದೇನು?’ ಎಂದು ಕೇಳಿದರೆ ಕನ್ನಡದಲ್ಲಿ ‘ನೋಡಬೇಕು ಸಾರ್’, ತಮಿಳಿನಲ್ಲಿ ‘ಪಾಕ್ಕಣುಂ’, ತೆಲುಗಿನಲ್ಲಿ ‘ಚೂಡಾಲಿ’. ಮೂರು ಭಾಷೆಗಳಲ್ಲಿಯೂ ಅದೇ ಅರ್ಥದ ಧಾತು, ಅದೇ ವಿಧ್ಯರ್ಥ. ಮಾಡುವೆನೆಂಬ ಸಂಕಲ್ಪ ಅದರಲ್ಲಿಲ್ಲ, ಆಗಲಾರದೆಂಬ ನಿರಾಕರಣೆಯೂ ಇಲ್ಲ. ಮಾತಿನ ಕನ್ನಡದಲ್ಲಿ ವರ್ತಮಾನ ಮತ್ತು ಭವಿಷ್ಯತ್ತುಗಳಿಗೆ ಬಹುಮಟ್ಟಿಗೆ ಒಂದೇ ಕ್ರಿಯಾರೂಪ ಸಲ್ಲುವುದು ನಮಗೆ ತಿಳಿದದ್ದೇ. ಈ ವಿದ್ಯಾರ್ಥಿಗಳು ಆ ರೂಪವನ್ನೂ ಬಳಸದೆ ‘ಬೇಕು’ವಿನ ಆಸರೆ ಪಡೆಯುತ್ತಾರೆ. ಆದರೆ ಪರೀಕ್ಷೆಯ ಪ್ರಬಂಧದಲ್ಲಿ ಇದೇ ವಿದ್ಯಾರ್ಥಿಗಳು ‘ಉಜ್ವಲ ಭವಿಷ್ಯ’ವನ್ನು ಧಾರಾಳವಾಗಿ ಬರೆಯುತ್ತಾರೆ. ‘ಇಂದಿನ ಯುವಕರೇ ನಾಳಿನ ಪ್ರಜೆಗಳು’ ಎಂಬ ಜಾಡಿನ ವಾಕ್ಯಗಳನ್ನು ನಾವೇ ಕಲಿಸಿದ್ದೇವೆ, ನಾವೇ ಅಂಕ ಕೊಡುತ್ತೇವೆ. ಆಡುವ ‘ನೋಡಬೇಕು’ ಮತ್ತು ಬರೆಯುವ ‘ಉಜ್ವಲ ಭವಿಷ್ಯ’ಗಳ ನಡುವಿನ ಅಂತರವೇ ನಮ್ಮ ಭಾಷಾಬೋಧನೆಯ ಸಮಸ್ಯೆಯೆಂದು ನನಗೆ ತೋರುತ್ತದೆ.

ಕಾಯುವುದನ್ನು ಕಲಿಸುವ ವ್ಯವಸ್ಥೆ

ಈ ಅನಿಶ್ಚಿತತೆಗೆ ವಿದ್ಯಾರ್ಥಿಯ ಅಸಡ್ಡೆ ಕಾರಣವೆನ್ನುವವರು ಅಧ್ಯಾಪಕ ಕೊಠಡಿಗಳಲ್ಲಿ ಇದ್ದಾರೆ. ಅದನ್ನು ಒಪ್ಪುವುದು ಕಷ್ಟ. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳ ಉದಾಹರಣೆಯನ್ನೇ ನೋಡಬಹುದು. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪದವಿಯ ಎರಡನೆಯ ವರ್ಷದಲ್ಲಿ ಅಣ್ಣನ ಜೊತೆ ಓಟ ಅಭ್ಯಾಸ ಮಾಡತೊಡಗಿದ ಹುಡುಗ ಅಷ್ಟರಲ್ಲಿ ಪದವಿ ಮುಗಿಸಿರುತ್ತಾನೆ. 2024ರಲ್ಲಿ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಆಗಸ್ಟಿನಲ್ಲಿ ನಡೆಸಿದ ಪೂರ್ವಭಾವಿ ಪರೀಕ್ಷೆಯನ್ನು ಡಿಸೆಂಬರಿನಲ್ಲಿ ಮತ್ತೆ ನಡೆಸಬೇಕಾಯಿತು. ಕಾರಣ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದ ದೋಷಗಳು. ಮರುಪರೀಕ್ಷೆಯ ಪತ್ರಿಕೆಯ ಮೇಲೂ ಅದೇ ದೂರು ಬಂತು. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವೆನೆಂದು ಹೊರಟವನಿಗೆ ಕನ್ನಡವೇ ಅಡ್ಡಿಯಾಗುವ ಈ ಸ್ಥಿತಿ ಕನ್ನಡ ವಿಭಾಗಗಳ ಆತ್ಮಪರಿಶೀಲನೆಗೆ ವಿಷಯವಾಗಬೇಕಿತ್ತು. ಅನುವಾದ ಅಧ್ಯಯನದಲ್ಲಿ ನಾವು ವಿಚಾರ ಸಂಕಿರಣಗಳನ್ನು ನಡೆಸುತ್ತಲೇ ಬಂದಿದ್ದೇವೆ. ಪ್ರಶ್ನೆಪತ್ರಿಕೆಯ ಅನುವಾದಕ್ಕೆ ಒಬ್ಬ ನುರಿತ ಅನುವಾದಕನನ್ನು ಸಿದ್ಧಪಡಿಸುವುದು ಅವುಗಳ ಕಾರ್ಯಸೂಚಿಯಲ್ಲಿ ಇರುವುದಿಲ್ಲ.

ಪದವಿಯ ಸ್ವರೂಪವೂ ಈ ಅವಧಿಯಲ್ಲಿ ಸ್ಥಿರವಾಗಿರಲಿಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆಯಿಂದ ಕೋಲಾರ ಜಿಲ್ಲೆಯ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಅಕ್ಕ, ತಮ್ಮ, ತಂಗಿ ಮೂವರೂ ಒಂದೇ ಕಾಲೇಜಿನಲ್ಲಿ ಮೂರು ಬಗೆಯ ಪಠ್ಯಕ್ರಮಗಳನ್ನು ಓದಿದ ಮನೆಗಳಿವೆ.

ಇದರ ಜೊತೆಗೆ ಗಣಿ ಮತ್ತೆ ತೆರೆಯುತ್ತದೆಂಬ ಸುದ್ದಿ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಾಗತಿಕ ಟೆಂಡರಿಗೆ ಅನುಮತಿಯಿತ್ತಾಗ ಊರಿನಲ್ಲಿ ಆಸೆ ಚಿಗುರಿತು. 2024ರ ಜೂನ್‌ನಲ್ಲಿ ಸೈನೈಡ್ ಗುಡ್ಡಗಳ ಮಣ್ಣಿನಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಮತ್ತೊಮ್ಮೆ ಅದೇ ಮಾತು. ಗುಡ್ಡದ ಮಣ್ಣನ್ನು ಸೋಸುವ ಕೆಲಸಕ್ಕೆ ನೆಲದಡಿಯ ಗಣಿಗೆ ಬೇಕಾದಷ್ಟು ಜನ ಬೇಡ ಎಂಬುದನ್ನು ವಿದ್ಯಾರ್ಥಿಗಳು ತಂದೆಯರಿಗಿಂತ ಚೆನ್ನಾಗಿ ಬಲ್ಲರು. ಊರಿಗಾಂನಲ್ಲಿ ಗಣಿಗಾರಿಕೆಯ ಡಿಪ್ಲೊಮಾ ಕಲಿಸುವ ಸ್ಕೂಲ್ ಆಫ್ ಮೈನ್ಸ್ ಇದೆ. ಅಲ್ಲಿ ಕಲಿತದ್ದನ್ನು ಬಳಸಬೇಕಾದರೆ ಹಟ್ಟಿಗೋ ಬಳ್ಳಾರಿಯ ಕಡೆಗೋ ಹೋಗಬೇಕು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ತಿಳಿದಿರುವುದು ಕಡಿಮೆ: ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಜಗತ್ತಿನಲ್ಲಿ ಮೊತ್ತಮೊದಲು ಗುರುತಿಸಿದ ಪ್ರಯೋಗಗಳಲ್ಲಿ ಒಂದು 1965ರಲ್ಲಿ ಈ ಗಣಿಯ ಆಳದಲ್ಲಿಯೇ ನಡೆಯಿತು. ತಾವು ಕುಳಿತ ನೆಲದ ಕೆಳಗೆ ಅದು ನಡೆದದ್ದೆಂದು ಹೇಳಿದಾಗ ತರಗತಿ ಒಂದು ಕ್ಷಣ ನಿಶ್ಶಬ್ದವಾಯಿತು. ಆಮೇಲೆ ಒಬ್ಬ ಕೇಳಿದ, ‘ಆ ಕೆಲಸಕ್ಕೆ ಇಲ್ಲಿಯವರನ್ನು ತಗೊಂಡಿದ್ರಾ ಸಾರ್?’

‘ಯುವನಿಧಿ’ಯ ಮಾತನ್ನೂ ಸೇರಿಸಬೇಕು. 2024ರ ಜನವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ ತೇರ್ಗಡೆಯಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಭತ್ಯೆ ನಿಗದಿಯಾಯಿತು. ಪರೀಕ್ಷೆಯ ಅರ್ಜಿ ಶುಲ್ಕಕ್ಕೆ, ಪುಸ್ತಕಕ್ಕೆ ಇದು ಒದಗುತ್ತದೆಂದು ವಿದ್ಯಾರ್ಥಿಗಳು ಕೃತಜ್ಞತೆಯಿಂದಲೇ ಹೇಳುತ್ತಾರೆ. ಕೆಲಸವಿಲ್ಲವೆಂದು ಆಗಾಗ ಸ್ವಯಂ ಘೋಷಿಸಬೇಕಾದ ಕ್ರಮ ಮಾತ್ರ ಅವರಿಗೆ ಮುಜುಗರ ತರುತ್ತದೆ.

ಕನ್ನಡದ ಅವಧಿ

ಈ ವಿದ್ಯಾರ್ಥಿಗೂ ಕನ್ನಡಕ್ಕೂ ಇರುವ ಸಂಬಂಧ ಭಾವನಾತ್ಮಕವಾದುದಲ್ಲ, ಆರಂಭದಲ್ಲಂತೂ ಅಲ್ಲ. ಗಣಿ ಪ್ರದೇಶದ ಅನೇಕರಿಗೆ ಕನ್ನಡ ಮನೆಮಾತಲ್ಲ. ಗೋಕಾಕ್ ಚಳವಳಿಯ ಕಾಲದಲ್ಲಿ (1982) ಮತ್ತು ಸರೋಜಿನಿ ಮಹಿಷಿ ವರದಿಯ (1986) ಚರ್ಚೆಯಲ್ಲಿ ಈ ಪ್ರದೇಶವನ್ನು ಗಡಿಯ ಸಮಸ್ಯೆಯಾಗಿ ನೋಡಿದ್ದೇ ಹೆಚ್ಚು. ನಾಲ್ಕು ತಲೆಮಾರು ಈ ನೆಲದಡಿಯಲ್ಲಿ ದುಡಿದವರ ಮಕ್ಕಳು ತಾವು ಹೊರಗಿನವರೆಂಬ ಮಾತನ್ನು ಕೇಳಿ ಬೆಳೆದಿದ್ದಾರೆ. ಈಗ ಅದೇ ಮಕ್ಕಳಿಗೆ ರಾಜ್ಯದ ಕೆಲಸ ಬೇಕಾದರೆ ಕನ್ನಡ ಬೇಕು. ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆಯಲ್ಲಿ 150ಕ್ಕೆ ಕನಿಷ್ಠ 50 ಅಂಕ ಬರಬೇಕು. ಮಟ್ಟ ಹತ್ತನೆಯ ತರಗತಿಯದು. ಬಯಲುಸೀಮೆಯ ವಿದ್ಯಾರ್ಥಿಗೆ ಇದು ಔಪಚಾರಿಕ; ಚಾಂಪಿಯನ್ ರೀಫ್ಸ್‌ನ ವಿದ್ಯಾರ್ಥಿಗೆ ಬದುಕಿನ ಬಾಗಿಲು.

2021ರಲ್ಲಿ ಸರ್ಕಾರ ಪದವಿಯಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿತು. ಪ್ರಕರಣ ರಾಜ್ಯ ಉಚ್ಚ ನ್ಯಾಯಾಲಯಕ್ಕೆ ಹೋಗಿ 2022ರಲ್ಲಿ ಆ ಕಡ್ಡಾಯಕ್ಕೆ ತಡೆ ಬಂತು. ಪರ ವಿರೋಧದ ವಾದಗಳೆಲ್ಲ ಕನ್ನಡದ ಸ್ಥಾನಮಾನದ ಸುತ್ತ ನಡೆದವು. ಕನ್ನಡ ಬೇಕೆಂದು ತಾವಾಗಿಯೇ ಬಂದು ಕುಳಿತ ಕನ್ನಡೇತರ ಮನೆಮಾತಿನ ವಿದ್ಯಾರ್ಥಿಗೆ ಏನನ್ನು, ಹೇಗೆ ಕಲಿಸುತ್ತೇವೆ ಎಂಬ ಚರ್ಚೆ ಆಗಲಿಲ್ಲ. ಅವನಿಗೆ ಹಳಗನ್ನಡದ ಒಂದು ಭಾಗ, ಎರಡು ವಚನ, ಒಂದು ಸಣ್ಣಕಥೆ, ಒಂದು ವೈಚಾರಿಕ ಲೇಖನ ಕೊಟ್ಟು ಸಾರಾಂಶ ಬರೆಯಿರಿ ಎನ್ನುತ್ತೇವೆ. ಪಠ್ಯದ ಆಯ್ಕೆಯ ಬಗೆಗೆ ನನ್ನ ತಕರಾರಿಲ್ಲ. ವಚನವನ್ನು ಈ ವಿದ್ಯಾರ್ಥಿಗಳು ಬಹಳ ಬೇಗ ಹಿಡಿಯುತ್ತಾರೆ, ದುಡಿಮೆಯ ಮಾತು ಬಂದಾಗ ವಿಶೇಷವಾಗಿ. ತಕರಾರಿರುವುದು ಸಾರಾಂಶದ ಬಗೆಗೆ. ಬೇರೆಯವರು ಹೇಳಿದ್ದನ್ನು ಚಿಕ್ಕದಾಗಿ ಹೇಳುವುದಷ್ಟೇ ಅವರು ಮೂರು ವರ್ಷ ಕನ್ನಡದಲ್ಲಿ ಮಾಡುವ ಕೆಲಸವಾದರೆ, ತಮ್ಮ ‘ನೋಡಬೇಕು’ವನ್ನು ಬಿಡಿಸಿ ಬರೆಯುವ ಕನ್ನಡ ಅವರಿಗೆ ಎಂದೂ ದಕ್ಕುವುದಿಲ್ಲ.

ತರಗತಿಯ ಸಣ್ಣ ಅನುಭವವೊಂದನ್ನು ಇಲ್ಲಿ ನಮೂದಿಸಬಹುದು. ವೇಳಾಪಟ್ಟಿಯಲ್ಲಿ ಭಾಷೆಯ ಅವಧಿಯನ್ನು ದಿನದ ಕೊನೆಗೆ ಹಾಕುವುದು ಬಹಳ ಕಡೆ ರೂಢಿ. ಕೊನೆಯ ಅವಧಿಯೆಂದರೆ ಮಾರಿಕುಪ್ಪಂ ಕಡೆಯ ರೈಲಿನ ಹೊತ್ತು. ಆ ಭಾಗದವರು ಹಿಂದಿನ ಬೆಂಚಿನಲ್ಲಿ ಬಾಗಿಲ ಬಳಿ ಕುಳಿತು, ಕೂಗು ಕೇಳಿದೊಡನೆ ಚೀಲ ಹಿಡಿದು ಎದ್ದು ಹೋಗುತ್ತಿದ್ದರು. ಕನ್ನಡದಲ್ಲಿ ಅವರಿಗೆ ಆಸಕ್ತಿಯಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಒಂದು ಸೆಮಿಸ್ಟರಿನಲ್ಲಿ ಸಹೋದ್ಯೋಗಿಯೊಬ್ಬರು ಒಪ್ಪಿ ತಮ್ಮ ಬೆಳಗಿನ ಅವಧಿಯನ್ನು ಬಿಟ್ಟುಕೊಟ್ಟರು. ಹಾಜರಿ ಹೆಚ್ಚಿತು. ‘ನನ್ನ ನಿನ್ನೆಯ ದಿನ’ದ ಬರಹಗಳು ಬಂದದ್ದು ಆಗಲೇ.

ಆಂತರಿಕ ಮೌಲ್ಯಮಾಪನಕ್ಕೆ ಅವುಗಳನ್ನು ತೆಗೆದುಕೊಂಡಾಗ ಅಂಕದ ಪ್ರಶ್ನೆ ಎದ್ದಿತು. ‘ಸಂಗು’, ‘ಲೈನು’, ‘ಶಿಫ್ಟು’, ‘ಪಾಸು’ ಎಂದೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದ್ದರು. ‘ಅವಳು ಬಂತು’, ‘ನಾವು ಹೋದೆ’ ಎಂಬಂಥ ವಚನ, ಲಿಂಗದ ದೋಷಗಳೂ ಇದ್ದವು. ಪದಗಳಿಗೆ ಅಂಕ ಕಳೆಯಲಿಲ್ಲ. ಕ್ರಿಯಾಪದಗಳಿಗೆ ಕಳೆದೆ, ಪ್ರತಿಯೊಂದನ್ನೂ ತಿದ್ದಿ ಬರೆದುಕೊಟ್ಟೆ, ಒಂದು ವಾರದ ಮೇಲೆ ಅದೇ ಪುಟವನ್ನು ಮತ್ತೆ ಬರೆಸಿದೆ. ಎರಡನೆಯ ಸಲ ಬರೆದಾಗ ಪುಟಗಳು ಉದ್ದವಾಗಿದ್ದವು. ಮೊದಲ ಬರಹ ‘ರಾತ್ರಿ ಮಲಗಿದೆ’ ಎಂಬಲ್ಲಿಗೆ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು ಈಗ ಮುಂದುವರಿಸಿದ್ದಳು: ಮಲಗುವ ಮುನ್ನ ಅಣ್ಣ ಕಾರ್ಖಾನೆಯ ಕೆಲಸಕ್ಕೆ ಅರ್ಜಿ ತುಂಬುವಂತೆ ಹೇಳಿದ್ದು, ಅಮ್ಮ ಬೇಡವೆಂದದ್ದು, ಅಪ್ಪ ಏನೂ ಹೇಳದೆ ಬೆಳಗಿನ ರೈಲಿಗೆ ಅಲಾರಂ ಇಟ್ಟದ್ದು, ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ತಾನು ಎರಡು ಸಲ ನೋಡಿಕೊಂಡದ್ದು.